ಅಗೆಯುವ ಮುಂಚೆ ನೆಲ ಎಷ್ಟು ಎತ್ತರ ಇತ್ತು? ಅದನ್ನು ಬರೆದಿಟ್ಟವರು ಯಾರು?

ನಮ್ಮ ರಾಯಚೂರು ಜಿಲ್ಲೆಯಲ್ಲಿ ಕೆಲವು ವರ್ಷಗಳಿಂದ ಮಣ್ಣು ಇದ್ದ ಜಾಗದಲ್ಲಿ ಇಲ್ಲ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆಯ ಉಪಕಾಲುವೆಗಳು, ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ ಬರಬೇಕಾದ ರೈಲು ದಾರಿ, ರಾಯಚೂರು ಸೀಮೆಯಲ್ಲಿ ಸೂರತ್–ಚೆನ್ನೈ ಹೆದ್ದಾರಿ. ಇವು ದೊಡ್ಡವು. ಸಣ್ಣ ಕೆಲಸಗಳಿಗೆ ಲೆಕ್ಕವೇ ಇಲ್ಲ: ಕೆರೆ ಹೂಳು, ಕೃಷಿ ಹೊಂಡ, ಬದು, ನಾಲಾ, ರಾಯಚೂರಿನ ಹೊರಗೆ ಲೇಔಟ್‌ಗೆ ತಗ್ಗು ತುಂಬಿಸುವುದು. ಹೆಸರು ಬೇರೆ, ಕೆಲಸ ಒಂದೇ. ದಿನ್ನೆ ಕಡಿ, ತಗ್ಗು ತುಂಬು.

ಕಡಿದದ್ದಕ್ಕೂ ತುಂಬಿದ್ದಕ್ಕೂ ಅಳತೆ ಘನ ಮೀಟರ್‌ನಲ್ಲಿ. ಗುತ್ತಿಗೆದಾರರ ಬಿಲ್ಲು, ಸರ್ಕಾರಕ್ಕೆ ಬರುವ ರಾಜಧನ, ಉದ್ಯೋಗ ಖಾತ್ರಿಯಲ್ಲಿ ಗುದ್ದಲಿ ಹಿಡಿದವರ ಕೂಲಿ, ಎಲ್ಲ ಈ ಅಳತೆಯ ಮೇಲೆ ನಿಂತಿದೆ. ಆದರೆ ಊರಿನವರು ಈ ಲೆಕ್ಕವನ್ನು ಎಂಜಿನಿಯರ್‌ಗೆ ಬಿಟ್ಟುಬಿಟ್ಟಿದ್ದಾರೆ. ‘ಅದು ನಮಗ ತಿಳಿಯಂಗಿಲ್ಲ ಬಿಡ್ರಿ’ ಅನ್ನುವವರೇ ಹೆಚ್ಚು. ತಿಳಿಯದಂಥದ್ದು ಇದರಲ್ಲಿ ಏನೂ ಇಲ್ಲ. ಹೊಲ ಸಮ ಮಾಡಿಸಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟ ರೈತನಿಗೆ ಇದು ಅರ್ಧ ಗೊತ್ತೇ ಇರುತ್ತದೆ.

ನನ್ನ ವಾದ ಇಷ್ಟು. ಅಗೆದ ಮೇಲೆ ಅಳೆಯುವುದು ಯಾರ ಕೈಯಲ್ಲಾದರೂ ಆಗುತ್ತದೆ, ಗುಂಡಿ ಅಲ್ಲೇ ಇರುತ್ತದೆ. ಅಗೆಯುವ ಮುಂಚಿನ ನೆಲದ ಮಟ್ಟವನ್ನು ಮಾತ್ರ ಆಮೇಲೆ ಯಾರೂ ಅಳೆಯಲಾರರು, ಆ ನೆಲವೇ ಇರುವುದಿಲ್ಲ. ಹಾಗಾಗಿ ಆ ಮೊದಲ ಅಳತೆ ಕಚೇರಿಯ ಬೀರುವಿನಲ್ಲಿ ಮಾತ್ರ ಇರಬಾರದು. ಕೆಲಸ ಶುರುವಾಗುವ ಮುಂಚೆ ಪಂಚಾಯ್ತಿಯ ಗೋಡೆಗೆ ಬರಬೇಕು.

ಮೊದಲ ಅಳತೆ ಸ್ವಲ್ಪ ಆಚೀಚೆ ಆದರೆ ಏನಾಗುತ್ತದೆ ನೋಡಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಮೊದಲಿದ್ದ ನೆಲವನ್ನು ಪುಸ್ತಕದಲ್ಲಿ ಬರೀ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚು, ಎತ್ತರಕ್ಕೆ ಬರೆದರು ಅಂದುಕೊಳ್ಳಿ. ಒಂದೇ ಎಕರೆಯಲ್ಲಿ 405 ಘನ ಮೀಟರ್ ಮಣ್ಣು ಕಾಗದದ ಮೇಲೆ ಹುಟ್ಟಿತು. ಟಿಪ್ಪರ್‌ಗೆ 10 ಘನ ಮೀಟರ್ ಹಿಡಿದರೆ 40 ಟ್ರಿಪ್ ಆಯಿತು. ಗುದ್ದಲಿ ನೆಲಕ್ಕೆ ತಾಗಿಲ್ಲ, ಡೀಸೆಲ್ ಉರಿದಿಲ್ಲ. ಇದೇ ನಾಲ್ಕು ಇಂಚು 60 ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರ್‌ಗೆ ಆದರೆ 6,000 ಘನ ಮೀಟರ್. ಹೊಲದಲ್ಲಿ ನಿಂತು ನೋಡಿದರೆ ನಾಲ್ಕು ಇಂಚಿನ ಫರಕು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಮಳೆಗಾಲ ಕಳೆದರೆ ಅದನ್ನು ಹಿಡಿಯುವ ದಾರಿಯೂ ಮುಚ್ಚುತ್ತದೆ.

ಇದು ಕಳ್ಳತನದ ಮಾತು ಮಾತ್ರ ಅಲ್ಲ, ಲೆಕ್ಕದ ತಪ್ಪೂ ಆಗುತ್ತದೆ. ಕೃಷಿ ಹೊಂಡವನ್ನೇ ತೆಗೆದುಕೊಳ್ಳಿ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದಾಗಿನಿಂದ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ನಮ್ಮ ಕಡೆ ಬಹಳ ಜನರಿಗೆ ಗೊತ್ತು. ಗುಣಿಸಿದರೆ 432 ಘನ ಮೀಟರ್. ಆದರೆ ಹೊಂಡದ ಗೋಡೆ ನೆಟ್ಟಗೆ ಇರುವುದಿಲ್ಲ, ಇಳಿಜಾರು ಇರುತ್ತದೆ. ಒಂದಕ್ಕೆ ಒಂದರಂತೆ ಇಳಿಜಾರು ಬಿಟ್ಟರೆ ತಳ 6 ಮೀಟರ್‌ಗೆ 6 ಮೀಟರ್ ಮಾತ್ರ ಆಗುತ್ತದೆ. ಆಗ ನಿಜವಾಗಿ ತೆಗೆದ ಮಣ್ಣು 252 ಘನ ಮೀಟರ್. 432 ಎಲ್ಲಿ, 252 ಎಲ್ಲಿ. ಮೇಲಿನ ಉದ್ದ ಅಗಲ ಮಾತ್ರ ಬರೆದು ಬಿಲ್ ಮಾಡಿದರೆ 180 ಘನ ಮೀಟರ್ ಹೆಚ್ಚಾಗುತ್ತದೆ. ಅದರ ಉಲ್ಟಾ, ತಳದ ಅಳತೆ ಮಾತ್ರ ಹಿಡಿದರೆ ಅಗೆದವನಿಗೆ ಮೋಸ.

ಇನ್ನೊಂದು ಗೊಂದಲ ಇದೆ. ಇದು ಗೊತ್ತಿಲ್ಲದೆ ಊರಲ್ಲಿ ಜಗಳಗಳೇ ಆಗುತ್ತವೆ. ಮಣ್ಣಿಗೆ ಮೂರು ಗಾತ್ರ. ನೆಲದಲ್ಲಿ ಗಟ್ಟಿಯಾಗಿ ಕೂತಿದ್ದಾಗ ಒಂದು. ಅಗೆದು ಟಿಪ್ಪರ್‌ಗೆ ಹಾಕಿದಾಗ ಸಡಿಲಾಗಿ ಉಬ್ಬುತ್ತದೆ, ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ ಕಾಣುತ್ತದೆ. ಏರಿಯ ಮೇಲೆ ಸುರಿದು, ನೀರು ಹೊಡೆದು, ರೋಲರ್ ಓಡಿಸಿದಾಗ ಮತ್ತೆ ಕುಗ್ಗುತ್ತದೆ, ಎಷ್ಟೋ ಸಲ ನೆಲದಲ್ಲಿ ಇದ್ದದ್ದಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಹಾಗಾಗಿ ಟ್ರಿಪ್ ಲೆಕ್ಕ, ಗುಂಡಿ ಲೆಕ್ಕ, ಏರಿ ಲೆಕ್ಕ ಎಂದೂ ಒಂದಕ್ಕೊಂದು ತಾಳೆ ಆಗುವುದಿಲ್ಲ. ತಾಳೆ ಆಗಲಿಲ್ಲ ಅಂದಮಾತ್ರಕ್ಕೆ ಯಾರೋ ತಿಂದರು ಅನ್ನಬೇಡಿ. ಯಾವ ಗಾತ್ರಕ್ಕೆ ದುಡ್ಡು ಅಂತ ಮೊದಲೇ ಕೇಳಿ. ಹೊಲದ ಮಣ್ಣು ಮಾರುವ ರೈತರು ಇದನ್ನು ಕೇಳದೆ ಬಾಯಿಮಾತಿನಲ್ಲಿ ಒಪ್ಪಿಕೊಂಡು ಬಿಡುತ್ತಾರೆ.

ಕೂಲಿಯ ವಿಷಯಕ್ಕೆ ಬರೋಣ. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತಾಗುವುದು ಇದೇ.

ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ಕೂಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಅಂತ ಘೋಷಣೆ ಆಯಿತು. ಅದು ಕೆಲಸಕ್ಕೆ ಹೋದವರಿಗೆಲ್ಲ ಹಾಗೇ ಬರುವ ದುಡ್ಡಲ್ಲ. ಮಣ್ಣಿನ ಕೆಲಸದಲ್ಲಿ ಗುಂಪು ಎಷ್ಟು ಘನ ಮೀಟರ್ ಅಗೆಯಿತು ಅಂತ ಅಳೆದು, ಅದಕ್ಕೆ ತಕ್ಕಂತೆ ಕೂಲಿ. ಅಳತೆಯಲ್ಲಿ ಐದರಲ್ಲಿ ಒಂದು ಪಾಲು ಕಡಿಮೆ ಬಂತು ಅಂದರೆ 370 ಇದ್ದದ್ದು 296 ಆಗುತ್ತದೆ. ಬಿಸಿಲಿನಲ್ಲಿ ಬಿರುಕು ಬಿಟ್ಟು ಕಲ್ಲಾದ ಎರೆ ನೆಲಕ್ಕೂ, ಹಸಿ ಮಸಾರಿಗೂ ಒಂದೇ ಬೆವರು ಸಾಕಾಗುವುದಿಲ್ಲ. ಅದಕ್ಕೇ ಮಣ್ಣಿನ ತರ ನೋಡಿ ದರ ಬೇರೆ ಇದೆ. ಅಳೆಯಲು ಬರುವವರು ವಾರ ತಡ ಮಾಡಿದರೆ, ನಡುವೆ ಒಂದು ಮಳೆ ಬಿದ್ದರೆ, ಗುಂಡಿಯ ಗೋಡೆ ಕುಸಿದು ತಳ ತುಂಬುತ್ತದೆ. ಮೂರಡಿ ಅಗೆದದ್ದು ಎರಡೂವರೆ ಅಡಿ ಆಗುತ್ತದೆ. ಒಬ್ಬ ತಾಂತ್ರಿಕ ಸಹಾಯಕರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಪಂಚಾಯ್ತಿ ಇರುವಾಗ ತಡ ಆಗದೆ ಇರುತ್ತದೆಯೇ?

2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪ್‌ಗೆ ಹಾಕುವುದು ಕಡ್ಡಾಯ ಆಯಿತು. ಕಾಯಕ ಬಂಧುಗಳು ನೆಟ್‌ವರ್ಕ್ ಹುಡುಕಿಕೊಂಡು ದಿನ್ನೆ ಏರಿದ್ದು ಎಲ್ಲರಿಗೂ ಗೊತ್ತು. ಆ ಫೋಟೊದಲ್ಲಿ ಜನರ ಮುಖ ಇದೆ, ನೆಲ ಇಲ್ಲ. ಯಾರು ಬಂದರು ಅಂತ ಗೊತ್ತಾಗುತ್ತದೆ, ಎಷ್ಟು ಅಗೆದರು ಅಂತ ಗೊತ್ತಾಗುವುದಿಲ್ಲ. ಬಡವರ ಹಾಜರಿಗೆ ಇಷ್ಟು ಕಾವಲು ಹಾಕಿದ ವ್ಯವಸ್ಥೆ ಮಣ್ಣಿನ ಮೊದಲ ಮಟ್ಟಕ್ಕೆ ಅಷ್ಟು ಕಾವಲು ಹಾಕಲಿಲ್ಲ ಅನ್ನುವುದೇ ನನಗೆ ಬೇಸರದ ಸಂಗತಿ. ಕೆಲಸದ ಮೊದಲ ದಿನ, ಗುದ್ದಲಿ ಬೀಳುವ ಮುಂಚೆ, ಅಳತೆ ಕೋಲು ನಿಲ್ಲಿಸಿ ನಾಲ್ಕು ಮೂಲೆಯ ಫೋಟೊ ತೆಗೆಯಲು ಹತ್ತು ನಿಮಿಷ ಸಾಕು.

ಹಳಬರಿಗೆ ಈ ಸಮಸ್ಯೆ ಗೊತ್ತಿತ್ತು. ಮಣ್ಣಿನ ಕೆಲಸದಲ್ಲಿ ತಲೆಮಾರುಗಳಿಂದ ಪಳಗಿದ ಭೋವಿ ಸಮುದಾಯದ ಹಿರಿಯರನ್ನು ಕೇಳಿ ನೋಡಿ. ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ಗುಂಬ ಹಾಗೇ ಬಿಡುವುದು ಮಣ್ಣಿನ ಕೆಲಸದಲ್ಲಿ ಹಳೆಯ ಪದ್ಧತಿ. ಅದರ ತಲೆಯ ಮೇಲೆ ಹಳೆಯ ಹುಲ್ಲು ಹಾಗೇ ಇರುತ್ತದೆ. ಮೊದಲು ನೆಲ ಎಷ್ಟು ಎತ್ತರ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅಳತೆ ಮುಗಿದು, ಪುಸ್ತಕಕ್ಕೆ ಏರಿದ ಮೇಲೆ ಅದನ್ನು ಕಡಿಯುತ್ತಾರೆ. ಸರ್ಕಾರಿ ಅಳತೆಯ ನಿಯಮಗಳಲ್ಲೂ ಈ ಗುಂಬಕ್ಕೆ ಜಾಗ ಇದೆ. ಜೆಸಿಬಿ, ಹಿಟಾಚಿ ಬಂದ ಮೇಲೆ ಬಹಳ ಕಡೆ ಇದು ಮಾಯವಾಯಿತು. ಯಂತ್ರಕ್ಕೆ ಗುಂಬ ಅಡ್ಡ ಬರುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ನೀವೇ ಊಹಿಸಿಕೊಳ್ಳಿ.

ಈಗ ಡ್ರೋನ್ ಕಾಲ. ಡ್ರೋನ್ ಸಾಲುಸಾಲಾಗಿ ಹಾರಿ ಒಂದರ ಮೇಲೊಂದು ಬೀಳುವ ಹಾಗೆ ನೂರಾರು ಫೋಟೊ ತೆಗೆಯುತ್ತದೆ. ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಆ ಗುರುತಿನ ಎತ್ತರವನ್ನು ನಿಖರವಾದ ಜಿಪಿಎಸ್ ಉಪಕರಣದಿಂದ ಅಳೆದಿರುತ್ತಾರೆ. ಕಂಪ್ಯೂಟರ್ ಇವನ್ನು ಕೂಡಿಸಿ ನೆಲದ ಉಬ್ಬುತಗ್ಗಿನ ನಕ್ಷೆ ಮಾಡುತ್ತದೆ. ಮುಂದಿನ ತಿಂಗಳು ಮತ್ತೆ ಹಾರಿಸಿ, ಎರಡು ನಕ್ಷೆಗಳನ್ನು ಒಂದರಲ್ಲಿ ಒಂದು ಕಳೆದರೆ ಎಲ್ಲಿ ಕಡಿದರು, ಎಲ್ಲಿ ತುಂಬಿದರು, ಎಷ್ಟು ಅಂತ ಬಣ್ಣದಲ್ಲಿ ಬರುತ್ತದೆ. ಸರಿಯಾಗಿ ಮಾಡಿದರೆ ಕೆಲವು ಸೆಂಟಿಮೀಟರ್‌ಗಿಂತ ಹೆಚ್ಚು ತಪ್ಪುವುದಿಲ್ಲ. ಟೇಪು ಹಿಡಿದು ಮೂರು ದಿನ ಮಾಡುವ ಕೆಲಸ ಒಂದು ಬೆಳಗ್ಗೆಯಲ್ಲಿ ಮುಗಿಯುತ್ತದೆ. ನಾನು ಡ್ರೋನ್ ವಿರೋಧಿ ಅಲ್ಲ. ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ ಜಾಗಗಳನ್ನು ಡ್ರೋನ್‌ನಿಂದಲೇ ಅಳೆಯುತ್ತಿದ್ದಾರೆ.

ಆದರೆ ಡ್ರೋನ್‌ಗೂ ನಮ್ಮ ಸೀಮೆಯಲ್ಲಿ ಒಂದು ಶತ್ರು ಇದೆ. ಜಾಲಿ. ಕ್ಯಾಮೆರಾ ನೋಡುವುದು ಮೇಲಿನಿಂದ. ಕಾಲುವೆ ದಂಡೆಯ ಮೇಲೆ, ಕೆರೆಯ ಅಂಗಳದಲ್ಲಿ ಆಳೆತ್ತರ ಬಳ್ಳಾರಿ ಜಾಲಿ ಬೆಳೆದು ನಿಂತಿದ್ದರೆ ಅದಕ್ಕೆ ಕಾಣುವುದು ಜಾಲಿಯ ತಲೆ, ನೆಲ ಅಲ್ಲ. ಮೊದಲ ನಕ್ಷೆ ಜಾಲಿ ಇದ್ದಾಗಲೇ ಮಾಡಿ, ಆಮೇಲೆ ಜಾಲಿ ಕಡಿದು ಎರಡನೇ ನಕ್ಷೆ ಮಾಡಿದರೆ, ಕಂಪ್ಯೂಟರ್ ಆ ಜಾಲಿಯನ್ನೆಲ್ಲ ಅಗೆದ ಮಣ್ಣು ಅಂತ ತೋರಿಸುತ್ತದೆ! ಎದೆಯುದ್ದ ತೊಗರಿ ನಿಂತ ಹೊಲವೂ ಹಾಗೇ. ಮಾನ್ವಿ ಕಡೆ ಭತ್ತದ ಗದ್ದೆಯಲ್ಲಿ ನೀರು ನಿಂತಿದ್ದರೆ ನೀರಿನ ಮೇಲ್ಮೈಯೇ ನೆಲ ಆಗಿಬಿಡುತ್ತದೆ. ಆದ್ದರಿಂದ ಮೊದಲ ಹಾರಾಟ ಯಾವ ತಿಂಗಳಲ್ಲಿ, ಜಾಲಿ ತೆಗೆದ ಮೇಲೋ ಮುಂಚೆಯೋ ಅನ್ನುವುದು ತಾಂತ್ರಿಕ ವಿವರ ಅಲ್ಲ, ದುಡ್ಡಿನ ವಿವರ. ಇದನ್ನು ಬೆಂಗಳೂರಿನಲ್ಲಿ ಕೂತ ಕನ್ಸಲ್ಟೆಂಟ್‌ಗಿಂತ ಆ ಹೊಲದಲ್ಲಿ ಕುರಿ ಮೇಯಿಸುವವರು ಚೆನ್ನಾಗಿ ಹೇಳಬಲ್ಲರು.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2021ರಲ್ಲೇ ಎಲ್ಲ ಹೆದ್ದಾರಿ ಕಾಮಗಾರಿಗಳಲ್ಲಿ ಪ್ರತಿ ತಿಂಗಳು ಡ್ರೋನ್ ವಿಡಿಯೊ ತೆಗೆಯುವುದನ್ನು ಕಡ್ಡಾಯ ಮಾಡಿತು. ಅವು ಪ್ರಾಧಿಕಾರದ ‘ಡೇಟಾ ಲೇಕ್’ ಪೋರ್ಟಲ್‌ಗೆ ಹೋಗುತ್ತವೆ. ಒಳ್ಳೆಯ ನಿಯಮ. ನಮ್ಮ ಕಡೆಯ ಸೂರತ್–ಚೆನ್ನೈ ಹೆದ್ದಾರಿಯ 65.5 ಕಿಲೋಮೀಟರ್ ಭಾಗಕ್ಕೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು ಈ ನಿಯಮ ಬಂದ ಮೇಲೆಯೇ. ಅಂದರೆ ನಮ್ಮ ಹೊಲಗಳ ಮೇಲೆ ತಿಂಗಳು ತಿಂಗಳು ಕ್ಯಾಮೆರಾ ಹಾರಬೇಕಾದ ಕಾಮಗಾರಿ ಇದು. ಆ ಚಿತ್ರದಲ್ಲಿ ನಮ್ಮ ನೆಲ ಇದೆ, ನೋಡುವ ದಾರಿ ನಮಗಿಲ್ಲ. ಜೊತೆಗೆ ವಿಡಿಯೊ ಬೇರೆ, ಮಟ್ಟದ ನಕ್ಷೆ ಬೇರೆ. ವಿಡಿಯೊ ನೋಡಿ ಘನ ಮೀಟರ್ ಹೇಳಲು ಬರುವುದಿಲ್ಲ.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ದೊಡ್ಡ ಹೆದ್ದಾರಿ ಗುತ್ತಿಗೆಗಳು ಸಾಮಾನ್ಯವಾಗಿ ಒಟ್ಟು ಮೊತ್ತಕ್ಕೆ ಆಗುತ್ತವೆ. ಗುತ್ತಿಗೆದಾರ ಹೆಚ್ಚು ಮಣ್ಣು ಹಾಕಿದರೆ ಹೆಚ್ಚು ದುಡ್ಡು ಬರುವುದಿಲ್ಲ. ‘ಹಾಗಿದ್ದಮೇಲೆ ನಿಮಗೇಕೆ ಲೆಕ್ಕ?’ ಅಂತ ಯಾರಾದರೂ ಕೇಳಬಹುದು. ಹೆದ್ದಾರಿಯ ಏರಿಗೆ ಬಿದ್ದ ಮಣ್ಣು ಬಂದದ್ದು ಎಲ್ಲಿಂದ? ಪಕ್ಕದ ಹೊಲದಿಂದ, ಊರ ಗುಡ್ಡದಿಂದ, ಕೆರೆಯಿಂದ. ಲೆಕ್ಕ ಬೇಕಾಗಿರುವುದು ಆ ತುದಿಯಲ್ಲಿ.

ರಸ್ತೆಯ ಬದಿಯಲ್ಲಿ ಮಣ್ಣು ತೆಗೆಯುವ ಗುಂಡಿ 1.5 ಮೀಟರ್‌ಗಿಂತ, ಅಂದರೆ ಐದಡಿಗಿಂತ, ಆಳ ಆಗಬಾರದು ಅಂತ ಹೆದ್ದಾರಿ ಸಚಿವಾಲಯದ ನಿರ್ಮಾಣ ನಿಯಮಗಳೇ ಹೇಳುತ್ತವೆ. ಯಾವ ಮಟ್ಟದಿಂದ ಐದಡಿ? ಅದಕ್ಕೂ ಮೊದಲ ಅಳತೆಯೇ ಬೇಕು. ಮೂರಡಿಗೆ ಒಪ್ಪಿದ ರೈತ, ಆರಡಿ ಹೋಯಿತು ಅಂತ ಜಗಳಕ್ಕೆ ನಿಂತರೆ ಅವನ ಕೈಯಲ್ಲಿ ಏನಿದೆ? ಮೇಲ್ಮಣ್ಣು ಹೋದ ಹೊಲ ಎಷ್ಟೋ ವರ್ಷ ಬೆಳೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬಿದರೆ ಈಜಲು ಇಳಿಯುವ ಮಕ್ಕಳಿಗೆ ಆಳ ಗೊತ್ತಿರುವುದಿಲ್ಲ.

ರಸ್ತೆ, ಪೈಪ್‌ಲೈನ್‌ನಂಥ ಉದ್ದದ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಅಂತ 2020ರಲ್ಲಿ ಕೇಂದ್ರ ಸರ್ಕಾರ ವಿನಾಯ್ತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಅದನ್ನು ರದ್ದು ಮಾಡಿತು. ಎಷ್ಟು ಮಣ್ಣು ತೆಗೆಯಬಹುದು ಅನ್ನುವ ಮಿತಿಯೇ ಅದರಲ್ಲಿ ಇರಲಿಲ್ಲ ಅನ್ನುವುದು ಕೋರ್ಟಿನ ಆಕ್ಷೇಪಗಳಲ್ಲಿ ಒಂದು. ಆಮೇಲೆ 2025ರಲ್ಲಿ ಕೇಂದ್ರ ಬೇರೆ ನಿಯಮ ತಂದಿತು. ನಿಯಮ ಏನೇ ಇರಲಿ, ‘ಎಷ್ಟು’ ಅನ್ನುವ ಪ್ರಶ್ನೆ ದೆಹಲಿಯ ಕೋರ್ಟಿನವರೆಗೂ ಹೋಗಿದೆ. ನಮ್ಮ ಗ್ರಾಮ ಸಭೆಯಲ್ಲಿ ಯಾಕೆ ಏಳಬಾರದು?

ಕಾಲುವೆಗಳ ಕತೆ ಇನ್ನೂ ಬೇರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ ಒಡೆಯುತ್ತದೆ. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯರು ಮುಂಬೈ ಐಐಟಿಯಲ್ಲಿದ್ದ ಆರ್.ಕೆ. ಕಟ್ಟಿ. ಎರೆಯನ್ನು ಸ್ವಲ್ಪ ಹೆಚ್ಚು ಆಳಕ್ಕೆ ತೆಗೆದು, ಆ ಜಾಗಕ್ಕೆ ಉಬ್ಬದ ಮರಂ ತರದ ಮಣ್ಣಿನ ಪದರ ತುಂಬಿ, ಅದರ ಮೇಲೆ ಲೈನಿಂಗ್ ಮಾಡುವ ವಿಧಾನ ಅದು. ಮಲಪ್ರಭಾ ಕಾಲುವೆಯಲ್ಲಿ ಇದನ್ನು ಬಳಸಿದರು. ದೇವದುರ್ಗದಂಥ ಎರೆ ಸೀಮೆಯಲ್ಲಿ ಕಾಲುವೆ ಉಳಿಯಬೇಕಾದರೆ ಇದು ಬೇಕೇಬೇಕು.

ಇಲ್ಲಿ ಒಂದೇ ಜಾಗದಲ್ಲಿ ಮೊದಲು ಕಡಿತ, ಆಮೇಲೆ ತುಂಬು, ಆಮೇಲೆ ಕಾಂಕ್ರೀಟ್. ಕಾಂಕ್ರೀಟ್ ಬಿದ್ದ ದಿನ ಕೆಳಗಿನದೆಲ್ಲ ಮುಚ್ಚಿಹೋಗುತ್ತದೆ. ಅರವತ್ತು ಸೆಂಟಿಮೀಟರ್ ಮರಂ ಹಾಕಬೇಕಾದಲ್ಲಿ ನಲವತ್ತು ಹಾಕಿದರೆ ಮೇಲಿನಿಂದ ಯಾರಿಗೆ ಕಾಣುತ್ತದೆ? ನಾಲ್ಕು ಮಳೆಗಾಲದ ನಂತರ ಲೈನಿಂಗ್ ಬಿರುಕು ಬಿಟ್ಟಾಗ, ಕೊನೆ ಭಾಗಕ್ಕೆ ನೀರು ಬರದೆ ಹತ್ತಿ ಒಣಗಿದಾಗ ಕಾಣುತ್ತದೆ. ಆಗ ಬಿಲ್ಲೂ ಆಗಿರುತ್ತದೆ, ಎಂಜಿನಿಯರ್‌ಗೆ ವರ್ಗಾವಣೆಯೂ ಆಗಿರುತ್ತದೆ. ಇಂಥ ಕಡೆ ಮೂರು ನಕ್ಷೆ ಬೇಕು: ಅಗೆಯುವ ಮುಂಚೆ, ಅಗೆದ ಮೇಲೆ, ಮರಂ ತುಂಬಿದ ಮೇಲೆ. ನಾಲ್ಕನೆಯದು ಯಾರಿಗೂ ಬೇಕಿಲ್ಲ, ಅದು ಉದ್ಘಾಟನೆಯ ಫೋಟೊ.

ಒಂದು ಎಚ್ಚರ. ನಕ್ಷೆ ಗಾತ್ರ ಹೇಳುತ್ತದೆ, ಗಟ್ಟಿತನ ಹೇಳುವುದಿಲ್ಲ. ಏರಿಯ ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ನೀರು ಹಾಕಿ, ರೋಲರ್ ಓಡಿಸಿ, ಪದರಕ್ಕೊಮ್ಮೆ ಸಾಂದ್ರತೆ ಪರೀಕ್ಷೆ ಮಾಡಬೇಕು. ಎರಡು ಮೀಟರ್ ಮಣ್ಣು ಒಂದೇ ಸಲ ಸುರಿದು ಮೇಲೆ ಸವರಿದ ಏರಿ ಡ್ರೋನ್ ನಕ್ಷೆಯಲ್ಲಿ ಅಂದವಾಗಿಯೇ ಕಾಣುತ್ತದೆ, ಕಾಲುವೆಗೆ ನೀರು ಬಿಟ್ಟಾಗ ಒಡೆಯುತ್ತದೆ. ಆದರೆ ತಿಂಗಳ ನಕ್ಷೆ ಇದ್ದರೆ ಏರಿ ಎಷ್ಟು ಬೇಗ ಎದ್ದಿತು ಅನ್ನುವುದಾದರೂ ಗೊತ್ತಾಗುತ್ತದೆ. ನಾಲ್ಕು ದಿನದಲ್ಲಿ ನಾಲ್ಕು ಮೀಟರ್ ಎದ್ದ ಏರಿಗೆ ರೋಲರ್ ಎಷ್ಟು ಸಲ ಓಡಿರುತ್ತದೆ ಅಂತ ಕೇಳಬಹುದು.

ಉದ್ದ ಕಾಲದ ಕಾಮಗಾರಿಗಳಲ್ಲಿ ಇನ್ನೊಂದು ತೊಡಕು. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997–98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಇಷ್ಟು ವರ್ಷ ಎಳೆಯುವ ಯಾವುದೇ ಕೆಲಸದಲ್ಲಿ ಒಬ್ಬ ಗುತ್ತಿಗೆದಾರ ಬಿಟ್ಟುಹೋಗಿ ಇನ್ನೊಬ್ಬ ಬರುವುದು ಇದ್ದದ್ದೇ. ಅರ್ಧ ಎದ್ದ ಏರಿ ಮಳೆಗೆ ಕೊಚ್ಚಿ, ಜಾಲಿ ಬೆಳೆದು ನಿಂತಿರುತ್ತದೆ. ಹೊಸಬನಿಗೆ ಉಳಿದ ಮಣ್ಣೆಷ್ಟು ಅನ್ನುವುದು ಹಳಬ ಬಿಟ್ಟುಹೋದ ದಿನದ ಮಟ್ಟದ ಮೇಲೆ ನಿಲ್ಲುತ್ತದೆ. ಆ ದಿನದ ನಕ್ಷೆ ಇಲ್ಲದಿದ್ದರೆ ಒಂದೇ ಮಣ್ಣಿಗೆ ಎರಡು ಸಲ ದುಡ್ಡು ಕೊಡುವ ದಾರಿ ತೆರೆದಂತೆ.

ತುಂಗಭದ್ರಾ ಜಲಾಶಯಕ್ಕೆ ಈ ಲೆಕ್ಕ ಇದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳಿನಿಂದ 105.788ಕ್ಕೆ ಇಳಿದಿದೆ ಅಂತ ನಾವೆಲ್ಲ ಬಾಯಿಪಾಠ ಹೇಳುತ್ತೇವೆ. ಹಾಗೆ ಹೇಳಲು ಸಾಧ್ಯವಾದದ್ದು ಮೊದಲಿನ ನೆಲದ ಮಟ್ಟ ಬರೆದಿಟ್ಟಿದ್ದರಿಂದ. ಹಟ್ಟಿಯಲ್ಲಿ ನೆಲದೊಳಗೆ ಅಗೆದ ಸುರಂಗಗಳಿಗೆ ಕಾನೂನು ಪ್ರಕಾರ ನಕ್ಷೆ ಇಡಲೇಬೇಕು. ನಿಮ್ಮೂರ ಕೆರೆಯ ಹೂಳು ಎಷ್ಟು ಸಲ ತೆಗೆದರು, ಪ್ರತಿ ಸಲ ತಳ ಎಲ್ಲಿತ್ತು ಅಂತ ಪಂಚಾಯ್ತಿಯಲ್ಲಿ ಕೇಳಿ ನೋಡಿ.

ಊರಿನವರ ಕೈಯಲ್ಲಿ ಏನಾಗುತ್ತದೆ? ಫೋನಿನ ಜಿಪಿಎಸ್ ನಂಬಬೇಡಿ, ಎತ್ತರದಲ್ಲಿ ಅದು ಮೀಟರ್‌ಗಟ್ಟಲೆ ತಪ್ಪು ಹೇಳುತ್ತದೆ. ಊರಿನ ಗೌಂಡಿಯನ್ನು ಕರೆಯಿರಿ. ಮನೆ ಬುನಾದಿ ಸಮ ನೋಡಲು ಅವರು ನೀರು ತುಂಬಿದ ಪಾರದರ್ಶಕ ಪೈಪು ಬಳಸುತ್ತಾರಲ್ಲ, ಅದೇ ಸಾಕು. ಶಾಲೆಯ ಕಟ್ಟೆಯ ಮೇಲೋ, ಹಳೆಯ ಸೇತುವೆಯ ಕಲ್ಲಿನ ಮೇಲೋ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಗಿಂತ ಕೆರೆಯ ತಳ, ಹೊಲದ ನಾಲ್ಕು ಮೂಲೆ ಮತ್ತು ನಡು ಎಷ್ಟು ಕೆಳಗಿವೆ ಅಂತ ಹಂತಹಂತವಾಗಿ ಪೈಪು ಹಿಡಿದು ಬರೆದುಕೊಳ್ಳಿ. ಅಳತೆ ಕೋಲು ಕಾಣುವ ಹಾಗೆ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ದಿನಾಂಕ ತಾನಾಗಿ ಉಳಿಯುತ್ತದೆ. ಮಣ್ಣು ಕೊಡುವ ರೈತರು ಹೊಲದ ನಡುವೆ ಎರಡು ಗುಂಬ ಬಿಡಬೇಕು ಅಂತ ಒಪ್ಪಂದದಲ್ಲೇ ಬರೆಸಲಿ. ದುಡ್ಡು ಕೈಗೆ ಬಂದ ಮೇಲೆ ಕಡಿದರಾಯಿತು.

‘ಇದೆಲ್ಲ ಕಚೇರಿಯ ಗುಟ್ಟು’ ಅಂದರೆ ಒಪ್ಪಬೇಡಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾಖಲೆಯ ಪ್ರತಿ ಮಾತ್ರ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನೇ ಹೋಗಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ನಮಗೆ ಅಷ್ಟೂ ಬೇಡ. ಇಂಥ ಸರ್ವೆ ನಂಬರಿನಲ್ಲಿ, ಇಂಥ ಕಾಮಗಾರಿಗೆ, ಕೆಲಸ ಆರಂಭಿಸುವ ಮುಂಚೆ ತೆಗೆದ ನೆಲಮಟ್ಟದ ಪುಸ್ತಕದ ಪ್ರತಿ ಮತ್ತು ಅದನ್ನು ತೆಗೆದ ದಿನಾಂಕ ಕೊಡಿ. ಇಷ್ಟು ಬರೆದರೆ ಸಾಕು.